ಎರಡಡಿಯ ಹೊಡೆತ

ಭಾನುವಾರ ಬೆಳಿಗ್ಗೆ ಯಾವ ಗಾಲ್ಫ್ ಕ್ಲಬ್ಬಿಗೆ ಹೋದರೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಡ್ರೈವಿಂಗ್ ರೇಂಜಿನಲ್ಲಿ ಹವ್ಯಾಸಿಗಳು ಸಾಲಾಗಿ ನಿಂತು ಬುಟ್ಟಿಗಟ್ಟಲೆ ಚೆಂಡುಗಳನ್ನು ಆಕಾಶಕ್ಕೆ ಅಟ್ಟುತ್ತಿರುತ್ತಾರೆ. ಪಕ್ಕದಲ್ಲೇ ಪಟಿಂಗ್ ಕಲಿಯಲೆಂದು ಬಿಟ್ಟ ಗ್ರೀನ್ ಮೇಲೆ ಮಾತ್ರ ಮೈನಾಗಳದೇ ರಾಜ್ಯಭಾರ!

ಲೆಕ್ಕ ನೋಡಿದರೆ ಇದು ತಲೆಕೆಳಗು. ಹದಿನೆಂಟು ಹೋಲ್‌ಗಳ ಅಂಗಣಕ್ಕೆ ಸಾಮಾನ್ಯವಾಗಿ ಪಾರ್ 72. ಒಂದು ಹೋಲ್‌ಗೆ ಎರಡು ಪಟ್ ಎಂದು ಹಿಡಿದೇ ಪಾರ್ ಗೊತ್ತುಮಾಡುವುದು. ಅಂದರೆ 36 ಹೊಡೆತ, ಸರಿಯಾಗಿ ಅರ್ಧ ಆಟ, ನಡೆಯುವುದು ಗ್ರೀನ್ ಮೇಲೆ. 220 ಗಜ ಹಾರಿಸಿದ ಚೆಂಡೂ ಕಾರ್ಡಿನಲ್ಲಿ ಒಂದೇ, ಎರಡಡಿ ಉರುಳಿಸಿದ ಚೆಂಡೂ ಒಂದೇ.

ಈ ಪಾಠ ಹೇಳಲು ನಮ್ಮ ಅಂಗಣಗಳೇ ಸಾಕು. 1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್ ಊರ ನಡುವೆ ಇಕ್ಕಟ್ಟಾದ ಜಾಗದಲ್ಲಿದೆ. ಬರೀ ತೋಳ್ಬಲ ಮೆರೆಯಲು ಹೋದವರ ಚೆಂಡು ಮರಗಳ ಸಂದಿ ಸೇರುತ್ತದೆ. ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ಚಾಮುಂಡಿ ಬೆಟ್ಟ ನೋಡುತ್ತ ನಡೆಯುವುದೇ ಒಂದು ಸೊಗಸು. ಗ್ರೀನ್ ತಲುಪಿದ ಮೇಲೆ ಕಣ್ಣು ನೆಲಕ್ಕಿಳಿಯಬೇಕು. ಬೆಳಗಿನ ಇಬ್ಬನಿಯಲ್ಲಿ ತಡವರಿಸುವ ಚೆಂಡು ಬಿಸಿಲೇರಿ ಹುಲ್ಲು ಒಣಗಿದಂತೆ ಜಾರತೊಡಗುತ್ತದೆ. ಯಾವ ಗ್ರೀನ್ ಯಾವ ಕಡೆ ವಾಲಿದೆ ಎಂಬುದು ಅಲ್ಲೇ ವರ್ಷಗಟ್ಟಲೆ ಓಡಾಡಿದ ಕ್ಯಾಡಿಗೆ ಗೊತ್ತು. ಅವನ ಮಾತು ಕೇಳುವುದೂ ಅಭ್ಯಾಸದ ಒಂದು ಭಾಗವೇ.

ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಣದಲ್ಲಿ ಬಾಲ್ಯದಲ್ಲೇ ಆಟ ಕಲಿತ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಚೆಂಡನ್ನು ದೂರ ಹೊಡೆಯುವುದರಲ್ಲಿ ಅವರು ಹಿಂದಿನ ಸಾಲಿನಲ್ಲಿದ್ದರು. ಆದರೂ ಜಗತ್ತಿನ ಘಟಾನುಘಟಿಗಳ ಜೊತೆ ಕೊನೆಯವರೆಗೂ ಸೆಣಸಿದ್ದು ಪಟರ್ ಬಲದಿಂದ. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ.

ಆ ಒಂದು ಹೊಡೆತವನ್ನೇ ವಾರಾಂತ್ಯದ ಆಟಗಾರರು ಧಾರಾಳವಾಗಿ ದಾನ ಮಾಡುವುದು. ಚೆಂಡು ಹೋಲ್‌ನಿಂದ ಎರಡಡಿ ದೂರವಿದ್ದರೆ, 'ಎತ್ಕೊಳ್ಳಿ ಸಾರ್, ಬಿದ್ದಂಗೇ ಲೆಕ್ಕ' ಎನ್ನುತ್ತಾನೆ ಗೆಳೆಯ. ಮುಂದಿನ ಹೋಲ್‌ನಲ್ಲಿ ಆ ಉಪಕಾರ ತೀರಿಸಬೇಕಲ್ಲ! ಮ್ಯಾಚ್ ಪ್ಲೇನಲ್ಲಿ ಎದುರಾಳಿ ಹೀಗೆ ಬಿಟ್ಟುಕೊಡಬಹುದು, ಅದು ನಿಯಮಬದ್ಧ. ಹೊಡೆತ ಎಣಿಸಿ ಗೆಲುವು ನಿರ್ಧರಿಸುವ ಸ್ಪರ್ಧೆಯಲ್ಲಿ ಚೆಂಡು ಹೋಲ್‌ಗೆ ಬೀಳಲೇಬೇಕು. ದಾಕ್ಷಿಣ್ಯದ ಕಾರ್ಡುಗಳಿಂದ ಹ್ಯಾಂಡಿಕ್ಯಾಪ್ 18ರಿಂದ 14ಕ್ಕಿಳಿದವರು ಕ್ಲಬ್ಬಿನ ಪಂದ್ಯದಲ್ಲಿ ಹಳೆಯಂತೆಯೇ 90 ಹೊಡೆತ ಆಡಿದರೆ, ಮೊದಲು ಕಳೆಯುತ್ತಿದ್ದ 18ರ ಬದಲು ಸಿಗುವುದು 14 ಮಾತ್ರ. 72 ಆಗಬೇಕಾದ ಲೆಕ್ಕ 76ಕ್ಕೆ ನಿಲ್ಲುತ್ತದೆ. ಗೆಳೆಯರ ಔದಾರ್ಯದ ಬಾಕಿ ಹೀಗೆ ವಸೂಲಾಗುತ್ತದೆ.

ಮದ್ದು ಸುಲಭ, ಅಗ್ಗ ಕೂಡ. ಗ್ರೀನ್ ಮೇಲೆ ಹೋಲ್ ಸುತ್ತ ಎರಡಡಿ ದೂರದಲ್ಲಿ ಚೆಂಡುಗಳನ್ನಿಟ್ಟು, ಸತತವಾಗಿ ಹತ್ತು ಬೀಳುವವರೆಗೂ ಜಾಗ ಬಿಡಬಾರದು. ಒಂಬತ್ತನೆಯದು ತಪ್ಪಿದರೆ ಮತ್ತೆ ಒಂದರಿಂದ. ಆಮೇಲೆ ಮೂರಡಿ, ನಾಲ್ಕಡಿ. ಕ್ಲಬ್ಬಿಗೆ ಹೋಗಲಾಗದ ದಿನ ಮನೆಯ ಜಮಖಾನದ ಮೇಲೆ ಒಂದು ಸ್ಟೀಲ್ ಲೋಟ ಮಲಗಿಸಿದರೂ ಆಯಿತು.

ಲೋಟ ದಾಕ್ಷಿಣ್ಯ ತೋರಿಸುವುದಿಲ್ಲ. ಚೆಂಡು ಒಳಗೆ ಹೋದರೆ ಮಾತ್ರ ಠಣ್ಣೆನ್ನುತ್ತದೆ.