ಊರ್ಧ್ವದಿಕ್ಕಿನ ಮೇರೆ

ಐದು ವರ್ಷ ನಿಂತುಹೋಗಿದ್ದ ಕೈಲಾಸ–ಮಾನಸಸರೋವರ ಯಾತ್ರೆ 2025ರ ಜೂನ್ ತಿಂಗಳಲ್ಲಿ ಮತ್ತೆ ಆರಂಭವಾಯಿತು. ಲಿಪುಲೇಖ್ ಮತ್ತು ನಾಥು ಲಾ ಮಾರ್ಗಗಳಿಗೆ ಆ ವರ್ಷ ಭಾರತ ಸರ್ಕಾರ ಗೊತ್ತುಮಾಡಿದ್ದು 750 ಯಾತ್ರಿಕರನ್ನು. ಮಾಯಸಂದ್ರ, ತುರುವೇಕೆರೆ, ತಿಪಟೂರಿನ ತೆಂಗಿನ ಸೀಮೆಯಲ್ಲಿ ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ವರ್ಷ ಸಮ್ಮೇದ ಶಿಖರಕ್ಕೋ ಗಿರಿನಾರಿಗೋ ಹೊರಡುವ ಶ್ರಾವಕ ಕುಟುಂಬಗಳ ಮುಂದೆ ಈಗ ಕೈಲಾಸವೂ ಬಂದು ನಿಂತಿದೆ. ಹೋಗಬೇಕೆಂಬ ಆಸೆ ಸಹಜ. ಆದಿತೀರ್ಥಂಕರನಾದ ವೃಷಭದೇವನು ಮುಕ್ತಿಗೆ ಸಂದ ನೆಲ ಅದು. ಶ್ವೇತಾಂಬರ ಪರಂಪರೆ ಅದನ್ನು ಅಷ್ಟಾಪದವೆಂದು ಕರೆಯುತ್ತದೆ. 941ರಲ್ಲಿ ಪಂಪ ರಚಿಸಿದ ‘ಆದಿಪುರಾಣ’ ಆ ಪರ್ವತವನ್ನು ಕನ್ನಡದ ಕಿವಿಗೆ ಸಾವಿರ ವರ್ಷಗಳ ಹಿಂದೆಯೇ ಹತ್ತಿರ ಮಾಡಿಕೊಟ್ಟಿತು.

ಆದರೆ ಕಿವಿಗೆ ಹತ್ತಿರವಾದದ್ದು ಕಾಲಿಗೆ ಹತ್ತಿರವಲ್ಲ. ಮಾನಸಸರೋವರ ಇರುವುದು ಸುಮಾರು 4,590 ಮೀಟರ್ ಎತ್ತರದ ಟಿಬೆಟ್ ಪ್ರಸ್ಥಭೂಮಿಯಲ್ಲಿ. ಕೈಲಾಸದ ಪ್ರದಕ್ಷಿಣೆ ಸುಮಾರು 52 ಕಿಲೋಮೀಟರ್; ನಡುವೆ ದಾಟಬೇಕಾದ ದೋಲ್ಮಾ ಲಾ 5,600 ಮೀಟರಿಗೂ ಮೇಲೆ. ಅಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ಕಡಲತೀರದಲ್ಲಿ ದೊರೆಯುವುದರ ಅರ್ಧದಷ್ಟು. ಸರೋವರದ ದಡದಲ್ಲಿ ನೀರು ಸುಮಾರು 85 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಬೇಳೆ ಬೇಗ ಬೇಯದು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಬೇಕಾದ ವ್ರತಿಗೆ ಇದು ಸಣ್ಣ ಸಂಗತಿಯಲ್ಲ.

ಆದರೂ ಶ್ರಾವಕನು ಮೊದಲು ಎಣಿಸಬೇಕಾದದ್ದು ಹಣವನ್ನಲ್ಲ, ಉಸಿರನ್ನೂ ಅಲ್ಲ. ತಾನು ಹಿಡಿದಿರುವ ಅಥವಾ ಹಿಡಿಯಬೇಕೆಂದಿರುವ ವ್ರತವನ್ನು. ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ: ಹತ್ತು ದಿಕ್ಕುಗಳಲ್ಲಿಯೂ ಇಲ್ಲಿಯವರೆಗೆ ಎಂದು ಮೇರೆ ಹಾಕಿಕೊಂಡು ಜೀವಿತಾಂತ್ಯದವರೆಗೆ ಅದನ್ನು ದಾಟದಿರುವುದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಈ ಮೇರೆಗೆ ಗುರುತಾಗಿ ಸಮುದ್ರ, ನದಿ, ಅಡವಿ, ಬೆಟ್ಟ, ನಾಡು, ಯೋಜನಗಳನ್ನು ಹೇಳುತ್ತದೆ. ‘ತತ್ತ್ವಾರ್ಥಸೂತ್ರ’ ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಹೆಸರಿಸುವುದೇ ಊರ್ಧ್ವವ್ಯತಿಕ್ರಮವನ್ನು, ಎಂದರೆ ಮೇಲಿನ ದಿಕ್ಕಿನ ಮೇರೆ ಮೀರುವುದನ್ನು. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅದಕ್ಕೆ ಕೊಡುವ ಉದಾಹರಣೆ ಪರ್ವತಾದಿಗಳನ್ನು ಏರುವುದು. ವಿಮಾನವಿಲ್ಲದ ಕಾಲದಲ್ಲಿಯೂ ಮನುಷ್ಯನ ಆಸೆಗೆ ಮೇಲ್ಮುಖವೊಂದುಂಟು ಎಂಬುದನ್ನು ಆಚಾರ್ಯರು ಕಂಡಿದ್ದರು. ಮೇರೆಯನ್ನೇ ಹಿಗ್ಗಿಸಿಕೊಳ್ಳುವ ಕ್ಷೇತ್ರವೃದ್ಧಿಯನ್ನೂ ಅವರು ಬಿಟ್ಟಿಲ್ಲ.

ತೀರ್ಥಕ್ಕಾಗಿ ಹೋಗುವುದು ವ್ಯಾಪಾರಕ್ಕಾಗಿ ಹೋದಂತೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ವ್ರತ ಕೊಟ್ಟ ಗುರುಗಳ ಮುಂದಿಟ್ಟು ಉತ್ತರ ಪಡೆಯಬೇಕಾದದ್ದು. ಆದರೆ ಪ್ರವಾಸ ಸಂಸ್ಥೆಗೆ ಮುಂಗಡ ಕಟ್ಟಿದ ಮೇಲೆ ಕೇಳುವವನು ಅಪ್ಪಣೆಯನ್ನು ಬೇಡುತ್ತಿದ್ದಾನೆಯೇ ಹೊರತು ಉತ್ತರವನ್ನಲ್ಲ.

ಕಾಲದ ಮಾತು ಇನ್ನೂ ಬಿಗಿಯಾದದ್ದು. ಹಿಮ ಕರಗಿ ದಾರಿ ತೆರೆಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನೆಲದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುತ್ತವೆಂದು ಮುನಿಗಳು ವಿಹಾರ ನಿಲ್ಲಿಸಿ ಒಂದೇ ಊರಿನಲ್ಲಿ ನೆಲೆ ನಿಲ್ಲುವ ಚಾತುರ್ಮಾಸದ ಬಹುಪಾಲು ಅದೇ ಕಾಲ. ಊರಿಗೆ ಮುನಿಸಂಘ ಬಂದು ಕುಳಿತಿರುವಾಗ ಆಹಾರದಾನ, ಸ್ವಾಧ್ಯಾಯಗಳನ್ನು ಬಿಟ್ಟು ಗೃಹಸ್ಥನು ಉತ್ತರಕ್ಕೆ ಹೊರಡುವುದು ವಿಚಿತ್ರವಾಗಿ ಕಾಣುತ್ತದೆ. ಮಳೆಗಾಲದ ಹಿಮಾಲಯವೋ ಯಾರ ಮುಲಾಜಿಗೂ ಒಳಗಾಗದು. 1998ರ ಆಗಸ್ಟ್‌ನಲ್ಲಿ ಮಾಲ್ಪಾದ ಬಳಿ ಗುಡ್ಡ ಕುಸಿದು ಮಡಿದ 200ಕ್ಕೂ ಹೆಚ್ಚು ಜನರಲ್ಲಿ ಮಾನಸಸರೋವರದ ಯಾತ್ರಿಕರೂ ಇದ್ದರು. ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಪ್ರೊತಿಮಾ ಬೇಡಿ ಅವರಲ್ಲೊಬ್ಬರು.

ನಡೆಯಲಾರದವರನ್ನು ಕುದುರೆ ಹೊರುತ್ತದೆ, ಸಾಮಾನನ್ನು ಯಾಕ್ ಹೊರುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಏದುಸಿರು ಬಿಡುವ ಪ್ರಾಣಿಯ ಬೆನ್ನ ಮೇಲೆ ಕುಳಿತು ಣಮೋಕಾರ ಜಪಿಸುವವನ ಜಪಮಾಲೆಯ ಲೆಕ್ಕ ಎಲ್ಲಿ ಸೇರುತ್ತದೆ? ದೇಹಶಕ್ತಿಯುಳ್ಳವನು ತನ್ನ ಹೊರೆ ಇಳಿಸಿ, ತನ್ನ ಕಾಲಿನಲ್ಲಿ ನಡೆದು, ಮಿತಾಹಾರದಲ್ಲಿ ಹೋಗಿಬರುವುದಾದರೆ ಅದು ತಪಸ್ಸಿಗೆ ಸಮೀಪವಾದದ್ದು. ಅದನ್ನು ಹಳಿಯಲು ಕಾರಣವಿಲ್ಲ. ಹಳಿಯಬೇಕಾದದ್ದು ಹೋಗಿಬಂದವರು ಹೆಚ್ಚಿನ ಜೈನರು, ಹೋಗಲಾರದವರು ಕಡಿಮೆಯ ಜೈನರು ಎಂಬ ಈಚಿನ ಭಾವನೆಯನ್ನು. ಮೊಣಕಾಲು ನೋವಿನ ಮುದುಕಿ ಬಸದಿಯ ಮೂರು ಮೆಟ್ಟಿಲು ಹತ್ತಿ ಆದಿನಾಥನ ಮುಂದೆ ಅಕ್ಷತೆ ಇಡುವುದಕ್ಕೆ ಯಾರೂ ಹೂಮಾಲೆ ಹಾಕುವುದಿಲ್ಲ.

ಪುರಾಣಗಳೂ ಆ ಗಿರಿಯನ್ನು ಸುಲಭವಾಗಿಸಲು ಹೊರಟಿಲ್ಲ. ಹೇಮಚಂದ್ರರ ಕಥನದಲ್ಲಿ ಭರತ ಚಕ್ರವರ್ತಿ ಅಲ್ಲಿ ಜಿನಾಲಯ ಕಟ್ಟಿಸಿದ ಬಳಿಕ ಪರ್ವತವನ್ನು ಯೋಜನದೆತ್ತರದ ಎಂಟು ಹಂತಗಳಾಗಿ ಕಡಿಸಿ ಮನುಷ್ಯರಿಗೆ ದುರ್ಗಮಗೊಳಿಸುತ್ತಾನೆ. ಮುಂದೆ ಸಗರನ ಮಕ್ಕಳು ಅದರ ಸುತ್ತ ಕಂದಕವನ್ನೇ ತೋಡುತ್ತಾರೆ. ಪವಿತ್ರವಾದದ್ದನ್ನು ಕಾಪಾಡುವುದೆಂದರೆ ಅದರಿಂದ ತುಸು ದೂರ ನಿಲ್ಲುವುದು ಎಂಬ ಅರಿವು ಆ ಕಥೆಗಳಿಗಿತ್ತು. ಇಂದಿಗೂ ಕೈಲಾಸ ಶಿಖರವನ್ನು ಏರಲು ಯಾರಿಗೂ ಅನುಮತಿಯಿಲ್ಲ.

ಮಾಯಸಂದ್ರದ ಕಡೆಯವರಿಗೆ ಶ್ರವಣಬೆಳಗೊಳ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರ. ಅಲ್ಲಿ 981ರಲ್ಲಿ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಗೊಮ್ಮಟ, ವೃಷಭದೇವನ ಮಗ, ನಿಂತಿರುವುದು ಉತ್ತರಾಭಿಮುಖವಾಗಿ. ತಂದೆಯ ನಿರ್ವಾಣಭೂಮಿ ಇರುವ ದಿಕ್ಕಿಗೆ ಮುಖಮಾಡಿಯೂ ಒಂದು ಹೆಜ್ಜೆಯನ್ನೂ ಕದಲಿಸದೆ ನಿಂತ ಆ ಮೂರ್ತಿಯ ಪಾದದ ಬಳಿ ಯಾತ್ರೆಯ ನಿರ್ಧಾರ ಮಾಡುವುದು ಒಳ್ಳೆಯದು.

ವೃಷಭದೇವನ ನಿರ್ವಾಣ ತಿಥಿ ಮಾಘ ಕೃಷ್ಣ ಚತುರ್ದಶಿ. ಆ ದಿನ ಪ್ರಸ್ಥಭೂಮಿ ಹಿಮದಡಿ ಹೆಪ್ಪುಗಟ್ಟಿರುತ್ತದೆ. ಯಾತ್ರೆಯ ದಾರಿಗಳು ಮುಚ್ಚಿರುತ್ತವೆ. ಪೂಜೆ ನಡೆಯುವುದು ಊರೂರಿನ ಬಸದಿಗಳಲ್ಲಿ, ಅಂದು ಬೆಳಗ್ಗೆ ತೋಟದಿಂದ ಇಳಿಸಿ ತಂದ ಎಳನೀರಿನ ಅಭಿಷೇಕದೊಡನೆ.