ತತ್ತಿ ತುಂಬಿದ ಮೀನಿಗೆ ಈ ಮಳೆಗಾಲ ದಾರಿ ಬಿಡೋಣ

ಮುಂಗಾರು ಬಲಿತರೆ ಮಲೆನಾಡಿನ ಕೆಂಪು ನೀರು ತುಂಗಭದ್ರಾ ಜಲಾಶಯಕ್ಕೆ ಇಳಿದು ಬರುತ್ತದೆ. ಆ ಹೊಸ ನೀರಿನ ಸೆಳವಿಗೆ ಎದುರು ಈಜುತ್ತ ಕಾಟ್ಲಾ, ರೋಹು, ಮೃಗಾಲ್ ತತ್ತಿ ಇಡಲು ಹಿನ್ನೀರಿನ ಮೇಲ್ಭಾಗಕ್ಕೆ ಹೊರಡುತ್ತವೆ. ಬಲಿತ ಒಂದು ತಾಯಿಮೀನಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ತತ್ತಿಗಳಿರುತ್ತವೆ. ಅದು ಸುಲಭವಾಗಿ ಬಲೆಗೆ ಸಿಗುವುದೂ ಆಗಲೇ. ಮಳೆಗಾಲದ ಮೀನುಗಾರಿಕೆ ನಿಷೇಧ ಇರುವುದು ಇದಕ್ಕಾಗಿ.

ತೀರ ಸಣ್ಣ ಮೀನು ಹಿಡಿಯಬಾರದೆಂಬ ಗಾತ್ರದ ಮಿತಿಗೂ ಇಂಥದ್ದೇ ಕಾರಣ. ಈ ಮೀನುಗಳು ಬಲಿಯಲು ಸುಮಾರು ಎರಡು ವರ್ಷ ಬೇಕು. ಸಣ್ಣ ಕಣ್ಣಿನ ಅಲಿವಿ ಬಲೆಯನ್ನು ದಂಡೆಗೆ ಎಳೆದಾಗ ಬೆರಳುದ್ದದ ಮರಿಗಳೂ ಬಂದು ಬೀಳುತ್ತವೆ. ಬಿಸಿಲಿಗೆ ಹರಡಿದ ಒಣಮೀನಿನ ರಾಶಿಯಲ್ಲಿ ಅವು ಬಿಡಿಗಾಸಿಗೆ ಮುಗಿದುಹೋಗುತ್ತವೆ. ನೆರೆಯ ಕೇರಳ 2015ರಿಂದ ಸಮುದ್ರದ ಮೀನುಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಿದೆ. ಅಲ್ಲಿ ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ. ಇರಲೇಬೇಕು.

ಕುಷ್ಟಗಿ, ಯಲಬುರ್ಗಾದ ಕೆರೆಗಳ ಲೆಕ್ಕ ಬೇರೆ. ನಿಂತ ನೀರಿನಲ್ಲಿ ಕಾಟ್ಲಾ, ರೋಹು ಮರಿ ಮಾಡುವುದಿಲ್ಲ; ಮರಿ ತಂದು ಬಿಟ್ಟು ಬೆಳೆಸಬೇಕು. ಬೇಸಿಗೆಯಲ್ಲಿ ಕೆರೆ ಬತ್ತುವ ಮೊದಲು ಹಿಡಿಯಲೂಬೇಕು. ಅಲ್ಲಿ ನಾವು ಕೇಳುವುದು ಇಷ್ಟೇ: ನೀರು ಇರುವತನಕ ಬೆಳೆಯಲು ಬಿಡಿ.

ನಿಷೇಧವೊಂದರಿಂದಲೇ ಎಲ್ಲ ಸರಿಹೋಗದು ನಿಜ. ಅಣೆಕಟ್ಟೆಯ ಕೆಳಗೆ, ಆನೆಗೊಂದಿಯ ಕಡೆಯ ಮೀನು ಎಷ್ಟು ಈಜಿದರೂ ಮೇಲಿನ ಹಿನ್ನೀರು ಸೇರಲಾರದು. ನದಿಯ ನೀರು ಕೆಟ್ಟರೆ ಮರಿ ಬದುಕದು. ಆದರೆ ನಮ್ಮ ಕೈಯಲ್ಲಿರುವುದನ್ನಾದರೂ ನಾವು ಮಾಡಬಹುದಲ್ಲವೇ?

ಮೀನುಗಾರ ಬಂಧುಗಳೇ, ಹೊಳೆಯ ಮರ್ಮ ನಿಮ್ಮಷ್ಟು ಬಲ್ಲವರಿಲ್ಲ. ದೊಡ್ಡ ಕಣ್ಣಿನ ಬಲೆ ಬಳಸಿ. ಜೀವವಿರುವ ಮರಿಯನ್ನು ನೀರಿಗೆ ಮರಳಿಸಿ. ನಿಷೇಧದ ದಿನಗಳಲ್ಲಿ ಒಲೆ ಉರಿಯುವುದು ಕಷ್ಟವೆಂದು ಬಲ್ಲೆವು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಆ ಅವಧಿಯ ನೆರವಿಗೆ ಅವಕಾಶವಿದೆ. ನಿಮ್ಮ ಸಹಕಾರ ಸಂಘದಲ್ಲಿ, ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಓದು ಬಲ್ಲ ಯುವಕರು ಅರ್ಜಿ ತುಂಬಿಕೊಡಿ.

ಕೊಪ್ಪಳ, ಗಂಗಾವತಿಯ ಸಂತೆಗೆ ಹೋಗುವ ಅಕ್ಕ-ಅಣ್ಣಂದಿರೇ, ಕೊಳ್ಳುವವರಿದ್ದರೆ ತಾನೇ ಹಿಡಿಯುವವರು? ತತ್ತಿ ತುಂಬಿದ ಹೊಳೆಮೀನಿನ ರುಚಿಯನ್ನು ಮಳೆಗಾಲಕ್ಕೆ ಮರೆಯಿರಿ. ಆ ದಿನಗಳಲ್ಲಿ ಸಾಕಿದ ಮೀನು ಕೇಳಿ. ಮರಿಮೀನು ಕಂಡರೆ ಜಗಳ ಬೇಡ, "ದೊಡ್ಡದಿದ್ದರೆ ಕೊಡಪ್ಪ" ಎನ್ನಿ. ನೀವು ಹಾಗೆನ್ನುವಿರೆಂಬ ನಂಬಿಕೆ ನಮಗಿದೆ. ಈ ಮುಂಗಾರಿನಿಂದಲೇ ಆರಂಭಿಸಿ.