ಸೈಡ್ ಕೇಳುವುದು, ಸೈಡ್ ಕೊಡುವುದು

ರಸ್ತೆ ಎಲ್ಲರ ಸೊತ್ತು. ಎತ್ತಿನ ಬಂಡಿಗೂ ಅಲ್ಲಿ ಹಕ್ಕಿದೆ, ಮಂತ್ರಿಗಳ ಕಾರಿಗೂ ಹಕ್ಕಿದೆ. ಎಲ್ಲ ವಾಹನಗಳ ವೇಗವೂ ಒಂದೇ ಅಲ್ಲವಾದ್ದರಿಂದ, ಹಿಂದಿನವನು ಮುಂದಿನವನನ್ನು ದಾಟಿ ಹೋಗಬೇಕಾದ ಪ್ರಸಂಗ ದಿನಕ್ಕೆ ನೂರು ಸಲ ಒದಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಹಿಂದಿನವನು ಸೈಡ್ ಕೇಳುತ್ತಾನೆ, ಮುಂದಿನವನು ಸೈಡ್ ಕೊಡುತ್ತಾನೆ. ಕೇಳುವುದು ಮತ್ತು ಕೊಡುವುದು! ಇಬ್ಬರು ಮನುಷ್ಯರ ನಡುವಿನ ಈ ವ್ಯವಹಾರವನ್ನು ಇಂದು ನಾವು ಕಸಿದುಕೊಳ್ಳುವ ವ್ಯವಹಾರವಾಗಿ ಮಾಡಿಕೊಂಡಿದ್ದೇವೆ ಎಂಬುದೇ ನಮ್ಮ ದೂರು.

ಈ ವಿಷಯವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಎತ್ತಿಕೊಳ್ಳಲು ಕಾರಣವಿಲ್ಲದೆ ಇಲ್ಲ. 2025ರ ನವೆಂಬರ್ 3ರ ಬೆಳಿಗ್ಗೆ ನಮ್ಮ ತಾಂಡೂರು ಡಿಪೋದ ಬಸ್ಸು ಹೈದರಾಬಾದಿಗೆ ಹೋಗುತ್ತಿತ್ತು. ಚೇವೆಳ್ಳದ ಹತ್ತಿರ ಮಿರ್ಜಾಗೂಡದ ಬಳಿ ಎದುರಿನಿಂದ ಬಂದ ಕಂಕರ್ ತುಂಬಿದ ಟಿಪ್ಪರಿಗೂ ಈ ಬಸ್ಸಿಗೂ ಡಿಕ್ಕಿಯಾಯಿತು. ಟಿಪ್ಪರಿನ ಕಂಕರೆಲ್ಲ ಬಸ್ಸಿನೊಳಗೆ ಕುಳಿತವರ ಮೇಲೆ ಸುರಿಯಿತು. 19 ಮಂದಿ ಪ್ರಾಣ ಕಳೆದುಕೊಂಡರು. ಓದಲೆಂದು ಪಟ್ಟಣಕ್ಕೆ ಹೊರಟಿದ್ದ ನಮ್ಮೂರ ಹೆಣ್ಣುಮಕ್ಕಳೂ ಅವರಲ್ಲಿದ್ದರು. ತಪ್ಪು ಯಾರದೆಂದು ನಿರ್ಣಯಿಸುವುದು ತನಿಖೆ ಮಾಡುವವರ ಕೆಲಸ. ಆ ಅಪಘಾತ ಓವರ್‌ಟೇಕಿನಿಂದಲೇ ಆಯಿತೆಂದು ನಾವು ಹೇಳುತ್ತಿಲ್ಲ. ಆದರೆ ಅಂದಿನಿಂದ ಆ ರಸ್ತೆಯಲ್ಲಿ ಬಸ್ಸು ಹತ್ತಿ ಕುಳಿತವರಿಗೆಲ್ಲ ಒಂದು ಸಂಗತಿ ಕಣ್ಣಿಗೆ ಕಟ್ಟಿದಂತಿದೆ. ನಡುವೆ ಡಿವೈಡರ್ ಇಲ್ಲದ ಎರಡೇ ಸಾಲಿನ ರಸ್ತೆಯಲ್ಲಿ ಬರುವವನಿಗೂ ಹೋಗುವವನಿಗೂ ನಡುವೆ ಇರುವುದು ಬಣ್ಣದ ಒಂದು ಗೆರೆ ಮಾತ್ರ. ಆ ರಸ್ತೆಯನ್ನು ಅಗಲ ಮಾಡುವ ಕೆಲಸ ಇಕ್ಕೆಲದ ಆಲದ ಮರಗಳ ಮೊಕದ್ದಮೆಯಿಂದಾಗಿ ವರ್ಷಗಟ್ಟಲೆ ನಿಂತಿತ್ತು. (ಮರ ಬೇಕೋ, ರಸ್ತೆ ಬೇಕೋ ಎಂಬ ಚರ್ಚೆಗೆ ಬೇರೆಯೇ ಲೇಖನ ಬೇಕು. ನಮಗಂತೂ ಎರಡೂ ಬೇಕು.)

ಇಂಥ ರಸ್ತೆಯಲ್ಲಿ ಒಂದು ವಾಹನವನ್ನು ದಾಟಲು ಎಷ್ಟು ಜಾಗ ಬೇಕು? ಎಂಟನೆಯ ತರಗತಿಯ ವಿದ್ಯಾರ್ಥಿಗಳೂ ಮಾಡಬಲ್ಲ ಲೆಕ್ಕವಿದು. ನಮ್ಮ ಬಸ್ಸು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ, ಮುಂದಿನ ಕಲ್ಲಿನ ಲಾರಿ 50ರಲ್ಲಿದೆ ಎಂದು ಇಟ್ಟುಕೊಳ್ಳೋಣ. ಬಸ್ಸಿನ ಉದ್ದ, ಲಾರಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಅಂತರ ಎಲ್ಲ ಕೂಡಿಸಿದರೆ, ಬಸ್ಸು ಲಾರಿಗಿಂತ ಸುಮಾರು 50 ಮೀಟರ್ ಹೆಚ್ಚು ಚಲಿಸಬೇಕು. ಇಬ್ಬರ ವೇಗದ ವ್ಯತ್ಯಾಸ ಗಂಟೆಗೆ 10 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಮೂರು ಮೀಟರೂ ಇಲ್ಲ. ಆದ್ದರಿಂದ ದಾಟಿ ಮುಗಿಸಲು 18 ಸೆಕೆಂಡು ಬೇಕು. ಆ 18 ಸೆಕೆಂಡಿನಲ್ಲಿ ಬಸ್ಸು ರಸ್ತೆಯ ಬಲಭಾಗದಲ್ಲಿಯೇ 300 ಮೀಟರ್ ಓಡಿರುತ್ತದೆ. ಎದುರಿನವನೂ 60ರಲ್ಲೇ ಬರುತ್ತಿದ್ದರೆ ಅವನೂ ಅಷ್ಟರಲ್ಲಿ 300 ಮೀಟರ್ ಹತ್ತಿರವಾಗಿರುತ್ತಾನೆ. ಹಾಗಾದರೆ ಬಲಕ್ಕೆ ತಿರುಗಿಸುವ ಆ ಗಳಿಗೆಯಲ್ಲಿ ಕಡಿಮೆಯೆಂದರೂ 600 ಮೀಟರ್ ರಸ್ತೆ ಖಾಲಿ ಇರಬೇಕು, ಮತ್ತು ಖಾಲಿ ಇರುವುದು ಕಣ್ಣಿಗೆ ಕಾಣಬೇಕು. ಆಲದ ಮರಗಳ ನಡುವೆ ತಿರುಗುತ್ತ ಹೋಗುವ ರಸ್ತೆಯಲ್ಲಿ 600 ಮೀಟರ್ ಎಲ್ಲಿ ಕಂಡೀತು?

ಇನ್ನೊಂದು ಸ್ವಾರಸ್ಯ ನೋಡಿ. ಮುಂದಿನ ಲಾರಿ 40ರಲ್ಲಿ ಹೋಗುತ್ತಿದ್ದರೆ 9 ಸೆಕೆಂಡು, 300 ಮೀಟರ್ ಸಾಕು. ಎತ್ತಿನ ಬಂಡಿಯಾದರೆ ಮೂರೇ ಸೆಕೆಂಡು. ನಿಧಾನದವನನ್ನು ದಾಟುವುದು ಸುಲಭ. ನಮಗಿಂತ ಸ್ವಲ್ಪವೇ ಹಿಂದಿರುವವನನ್ನು ದಾಟುವುದು ಕಷ್ಟ, ಅದೇ ಅಪಾಯ. ಆದರೂ ನಮ್ಮ ಹಠವೆಲ್ಲ ಸಮಬಲದವನ ಮೇಲೆಯೇ! ಅವನನ್ನು ದಾಟಿ ಗಳಿಸುವುದಾದರೂ ಏನು? ಹತ್ತು ಕಿಲೋಮೀಟರ್ ದೂರ ಆ ಲಾರಿಯ ಹಿಂದೆಯೇ ಸುಮ್ಮನೆ ಹೋಗಿದ್ದರೆ 12 ನಿಮಿಷ, ದಾಟಿ ಹೋದರೆ 10 ನಿಮಿಷ. ಲಾಭ ಎರಡು ನಿಮಿಷ. ಬಸ್ಸಿಳಿದು ಚಹಾ ಆರಿಸಿಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಡ್ರೈವರನನ್ನು ದೂರುವುದು ಸುಲಭ. ಅವನ ಹಿಂದೆ ಕುಳಿತವರ ಬಾಯಿಯನ್ನೂ ನೋಡಬೇಕಲ್ಲವೆ? "ಏನ್ರಿ ಡ್ರೈವರ್ ಸಾಬ್, ಎತ್ತಿನ ಬಂಡಿ ಹೊಡಿಲಕತ್ತೀರೇನು?" ಎಂದು ಕೆಣಕುವವರು ಯಾರು? ಪಕ್ಕದ ಬಸ್ಸು ಮುಂದೆ ಹೋದರೆ ಅವಮಾನವಾದಂತೆ ನಿಟ್ಟುಸಿರು ಬಿಡುವವರು ಯಾರು? ಮದುವೆ ದಿಬ್ಬಣದ ಜೀಪಿನಲ್ಲಿ ಮಕ್ಕಳು "ಅಣ್ಣಾ, ಹಾಕು ಹಾಕು" ಎಂದು ಕೂಗುತ್ತಾರೆ, ದೊಡ್ಡವರು ನಗುತ್ತಾರೆ. ಬಿಟ್ಟುಕೊಟ್ಟ ಡ್ರೈವರನನ್ನು ಅಂಜುಬುರುಕನೆಂದೂ, ನುಗ್ಗಿದವನನ್ನು ಗಟ್ಟಿಗನೆಂದೂ ಕರೆಯುವ ಪದ್ಧತಿ ನಮ್ಮ ಮನೆಗಳಲ್ಲಿಯೇ ಹುಟ್ಟಿದ್ದು. ಇದನ್ನು ಓದುತ್ತಿರುವ ಪಾಲಕರು ಈ ಮಾತಿಗೆ ಸಿಟ್ಟಾದರೂ ಚಿಂತೆಯಿಲ್ಲ.

ಕಾನೂನು ಏನು ಹೇಳುತ್ತದೆಂದು ನೋಡೋಣ. ನಮ್ಮ ದೇಶದಲ್ಲಿ ಎಡಗಡೆ ನಡೆಯಬೇಕು, ಬಲಗಡೆಯಿಂದ ದಾಟಬೇಕು. ಮುಂದಿನದು ಕಾಣದ ತಿರುವಿನಲ್ಲಿ, ಏರಿನ ನೆತ್ತಿಯಲ್ಲಿ ದಾಟಕೂಡದು. ನಡುಗೆರೆ ತುಂಡು ತುಂಡಾಗಿರದೆ ಅಖಂಡವಾಗಿದ್ದರೆ ಅದನ್ನು ಮೀರಕೂಡದು. ಹಿಂದಿನವನು ಆಗಲೇ ನಮ್ಮನ್ನು ದಾಟತೊಡಗಿದ್ದರೆ ನಾವು ಇನ್ನೊಬ್ಬನನ್ನು ದಾಟಲು ಹೊರಡಕೂಡದು. 2019ರ ತಿದ್ದುಪಡಿಯಲ್ಲಿ ನಿಯಮಬಾಹಿರವಾಗಿ ಓವರ್‌ಟೇಕ್ ಮಾಡುವುದನ್ನು ಅಪಾಯಕರ ಚಾಲನೆಯೆಂದೇ ಹೆಸರಿಸಿದ್ದಾರೆ. ಮೊದಲ ತಪ್ಪಿಗೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಒಂದರಿಂದ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಇವೆಲ್ಲ ದಾಟುವವನಿಗೆ ಹೇಳಿದ ಮಾತು. ಆದರೆ ಅದೇ ಕಾನೂನು ದಾಟಿಸಿಕೊಳ್ಳುವವನಿಗೂ ಒಂದು ಮಾತು ಹೇಳಿದೆ, ಅದನ್ನು ಯಾರೂ ನೆನೆಯುವುದಿಲ್ಲ. ಹಿಂದಿನವನು ದಾಟುತ್ತಿರುವಾಗ ಮುಂದಿನವನು ತನ್ನ ವೇಗ ಹೆಚ್ಚಿಸಕೂಡದು, ಯಾವ ರೀತಿಯಿಂದಲೂ ಅಡ್ಡಿಪಡಿಸಕೂಡದು. ನಮ್ಮ ಲೆಕ್ಕಕ್ಕೆ ಮರಳಿ ಬನ್ನಿರಿ. 50ರಲ್ಲಿದ್ದ ಲಾರಿಯವನು ಮತ್ಸರದಿಂದ 55ಕ್ಕೆ ಏರಿಸಿದನೆಂದರೆ 18 ಸೆಕೆಂಡು 36 ಆಗುತ್ತದೆ. ಬಲಗಡೆ ಸಿಕ್ಕಿಕೊಂಡವನ ಗತಿ ಏನು? ಕೊಲ್ಲುವವನು ಯಾವಾಗಲೂ ಹಿಂದಿನವನೇ ಆಗಿರಬೇಕಿಲ್ಲ.

ಹಿಂದೆ ಲಾರಿಯ ಡ್ರೈವರರು ಬಲಗೈಯನ್ನು ಹೊರಗೆ ಚಾಚಿ ಹಿಂದಕ್ಕೂ ಮುಂದಕ್ಕೂ ಬೀಸಿ "ಬಾ, ಹೋಗು" ಎಂದು ಹೇಳುತ್ತಿದ್ದರು. 1989ರ ರಸ್ತೆ ನಿಯಮಗಳಲ್ಲಿಯೂ ಆ ಸಂಜ್ಞೆ ಇತ್ತು. ತಾಂಡೂರಿನಂಥ ಗಡಿಯ ಊರಿಗೆ ಅದು ಎಷ್ಟು ಒಪ್ಪುವ ಭಾಷೆ! ಲಾರಿಯವನು ತೆಲುಗಿನವನಿರಬಹುದು, ಸೇಡಂ ಕಡೆಯಿಂದ ಬಂದ ಬಸ್ಸಿನವನು ಕನ್ನಡದವನಿರಬಹುದು, ಜೀಪಿನವನು ಉರ್ದುವಿನವನಿರಬಹುದು. ಕೈಯ ಭಾಷೆ ಮೂವರಿಗೂ ತಿಳಿಯುತ್ತಿತ್ತು. ಈಗ ಕೈ ಒಳಗೆ ಹೋಗಿ ಇಂಡಿಕೇಟರ್ ಬಂದಿದೆ. ಲಾರಿಯ ಬಲಗಡೆಯ ದೀಪ ಮಿಣುಕಿದರೆ ಒಬ್ಬನು "ಬಲದಿಂದ ಹೋಗು" ಎಂದು ತಿಳಿಯುತ್ತಾನೆ, ಇನ್ನೊಬ್ಬನು "ನಿಲ್ಲು, ಎದುರಿನಿಂದ ವಾಹನವಿದೆ" ಎಂದು ತಿಳಿಯುತ್ತಾನೆ. ಲಾರಿಯವನಾದರೋ ನಿಜವಾಗಿ ಬಲಕ್ಕೆ, ಕಲ್ಲಿನ ಗಣಿಯ ಕಡೆಗೆ, ತಿರುಗುತ್ತಿರುತ್ತಾನೆ! ಒಂದೇ ದೀಪಕ್ಕೆ ಮೂರು ಅರ್ಥ. ದೀಪವನ್ನು ತಿರುಗುವುದಕ್ಕೆ ಮಾತ್ರ ಬಳಸುವುದು, ಸೈಡ್ ಕೊಡಬೇಕಾದಾಗ ಎಡಕ್ಕೆ ಸರಿದು ವೇಗ ಇಳಿಸುವುದು, ಇಷ್ಟಾದರೆ ಗೊಂದಲ ಎಷ್ಟೋ ಕಡಿಮೆಯಾದೀತು. ಮಳೆಗಾಲದಲ್ಲಿ ಎಡಕ್ಕೆ ಸರಿಯುವುದೂ ಸುಲಭವಲ್ಲವೆಂದು ನಮಗೆ ಗೊತ್ತಿದೆ. ಡಾಂಬರಿನ ಅಂಚು ದಾಟಿದರೆ ಎರೆಮಣ್ಣು, ಕಲ್ಲು ತುಂಬಿದ ಲಾರಿ ಅಲ್ಲಿಯೇ ಹೂತುಕೊಳ್ಳುತ್ತದೆ. ಅಂಥವನಿಗೆ ಹಾರ್ನ್ ಮೇಲೆ ಹಾರ್ನ್ ಬಾರಿಸಿ ಏನು ಪ್ರಯೋಜನ?

ಜಹೀರಾಬಾದಿನ ಮೇಲೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿ ನಾಲ್ಕು ಸಾಲಿನದು, ನಡುವೆ ಡಿವೈಡರ್ ಇದೆ. ಎದುರಿನವನ ಭಯ ಅಲ್ಲಿಲ್ಲ. ಅಲ್ಲಿನ ರೋಗ ಬೇರೆ. ಭಾರದ ಲಾರಿಗಳು ಬಲಗಡೆಯ ಸಾಲನ್ನೇ ಹಿಡಿದು ಕೂರುತ್ತವೆ, ಕಾರಿನವರು ಬೇಸತ್ತು ಎಡದಿಂದ ನುಗ್ಗುತ್ತಾರೆ. ಬಲಸಾಲು ಇರುವುದು ದಾಟುವುದಕ್ಕೆ, ದಾಟಿದ ಮೇಲೆ ಎಡಕ್ಕೆ ಮರಳಬೇಕು. ಜರ್ಮನಿಯ ಹೆದ್ದಾರಿಗಳು ವೇಗಕ್ಕೆ ಹೆಸರಾದವು. ಅಲ್ಲಿ ಬಲಗಡೆ ನಡೆದು ಎಡದಿಂದ ದಾಟುತ್ತಾರೆ. ದಾಟಿದವನು ತನ್ನ ಸಾಲಿಗೆ ಮರಳಲೇಬೇಕು, ತಪ್ಪು ಮಗ್ಗುಲಿನಿಂದ ದಾಟಿದವನಿಗೆ ದಂಡ. ವೇಗ ಹೆಚ್ಚಾದಷ್ಟೂ ಶಿಸ್ತು ಹೆಚ್ಚಾಗಬೇಕೆಂದು ಅವರು ಕಂಡುಕೊಂಡಿದ್ದಾರೆ.

ಎಡದಿಂದ ನುಗ್ಗುವ ವಿಷಯದಲ್ಲಿ ಮೋಟಾರ್ ಸೈಕಲ್ಲಿನ ತಂದೆಯರಿಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮುಂದೆ ಒಂದು, ಹಿಂದೆ ಎರಡು ಮಕ್ಕಳನ್ನು ಕೂಡಿಸಿಕೊಂಡು, ಶಾಲೆಯ ಗಂಟೆ ತಪ್ಪೀತೆಂದು, ಲಾರಿಗೂ ರಸ್ತೆಯ ಅಂಚಿಗೂ ನಡುವಿನ ಗೇಣು ಜಾಗದಲ್ಲಿ ತೂರುವವರನ್ನು ದಿನವೂ ಕಾಣುತ್ತೇವೆ. ಲಾರಿಯ ಡ್ರೈವರ್ ಕುಳಿತಿರುವುದು ಬಲಗಡೆ, ಎಡಚಕ್ರದ ಪಕ್ಕದಲ್ಲಿರುವುದು ಅವನಿಗೆ ಕಾಣುವುದಿಲ್ಲ. ಮೊದಲು ಕ್ಲೀನರ್ ಹುಡುಗ ಆ ಕಡೆ ನೋಡಿಕೊಂಡು ಬಾಗಿಲು ತಟ್ಟುತ್ತಿದ್ದ. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರೇ ಇಲ್ಲ. ಶಾಲೆಗೆ ಹತ್ತು ನಿಮಿಷ ತಡವಾಗಿ ಬಂದ ಮಗುವನ್ನು ತರಗತಿಯ ಹೊರಗೆ ನಿಲ್ಲಿಸಬಾರದೆಂದು ನಾವು ಗುರುಗಳನ್ನೂ ಕೇಳಿಕೊಳ್ಳುತ್ತೇವೆ.

ಕೊನೆಯದಾಗಿ ಟ್ರ್ಯಾಕ್ಟರುಗಳ ಮಾತು. ಜಹೀರಾಬಾದ್ ಕಡೆ ಕಬ್ಬಿನ ಕಾಲದಲ್ಲಿ, ನಮ್ಮ ಕಡೆ ತೊಗರಿಯ ರಾಶಿಯ ಕಾಲದಲ್ಲಿ ರಾತ್ರಿಯೆಲ್ಲ ಟ್ರೇಲರುಗಳು ಓಡುತ್ತವೆ. ಎಷ್ಟೋ ಟ್ರೇಲರುಗಳ ಹಿಂದೆ ದೀಪವಿಲ್ಲ, ಹೊಳೆಯುವ ಕೆಂಪು ಪಟ್ಟಿಯೂ ಇಲ್ಲ. ಹಿಂದಿನವನಿಗೆ ಅದು ಕಾಣುವುದು ಮೂಗಿನ ಮುಂದೆ ಬಂದಾಗ. ಆಗ ಅವನು ಬಲಕ್ಕೆ ಎಳೆಯುವುದನ್ನು ಓವರ್‌ಟೇಕ್ ಎನ್ನಲು ಬರುವುದಿಲ್ಲ, ಅದು ಪ್ರಾಣಭಯದ ನೆಗೆತ. ಟ್ರ್ಯಾಕ್ಟರುಳ್ಳ ಪಾಲಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕೆಂಪು ಪಟ್ಟಿಗೆ ಹೆಚ್ಚು ಖರ್ಚಿಲ್ಲ, ಅಂಟಿಸುವ ಕೆಲಸವನ್ನು ಮಕ್ಕಳೇ ಮಾಡಬಲ್ಲರು. ಈ ಸಲದ ತೊಗರಿ ರಾಶಿಗೆ ಮೊದಲು ಒಂದು ಭಾನುವಾರ ಅದಕ್ಕಾಗಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ.